ಬಟನ್ ಒತ್ತಿದ್ದು ಕಣ್ಣಿಗೆ ಕಾಣಲಿ: ಟಚ್ ಎಫೆಕ್ಟ್‌ಗಳನ್ನು ಕೋಡ್‌ನಲ್ಲೇ ಕಟ್ಟುವ ಬಗೆ

ಕಂಪ್ಯೂಟರಿನ ಕೀಲಿ ಒತ್ತಿದರೆ ಅದು ಒಳಕ್ಕೆ ಇಳಿಯುತ್ತದೆ, ಟಕ್ ಎನ್ನುತ್ತದೆ. ಫೋನಿನ ಗಾಜಿಗೆ ಆ ಗುಣವಿಲ್ಲ. ಒತ್ತಿದ್ದು ತಲುಪಿತೋ ಇಲ್ಲವೋ ಎಂದು ಹೇಳುವ ಹೊಣೆ ಪೂರ್ತಿಯಾಗಿ ಆ್ಯಪ್ ಬರೆದವರ ಮೇಲೆ ಬೀಳುತ್ತದೆ. ಎಫೆಕ್ಟ್ ಇಲ್ಲದ ಬಟನ್ ಅನ್ನು ಜನ ಎರಡು ಸಲ ಒತ್ತುತ್ತಾರೆ, ಒಂದೇ ಅರ್ಜಿ ಎರಡು ಸಲ ಹೋಗುತ್ತದೆ.

ಬಟನ್‌ಗಳ ಬಣ್ಣ, ಆಕಾರ ಮೊದಲೇ ನಿಗದಿಯಾಗಿದ್ದರೆ ರೂಪದ ವಿವರ ಬರೆದಿಡುವ ಎಕ್ಸ್‌ಎಂಎಲ್ ಫೈಲುಗಳೇ ಸಾಕು. ಆದರೆ ಬಣ್ಣ ಸರ್ವರ್‌ನಿಂದ ಬರುವಾಗ, ಬಳಕೆದಾರರೇ ಥೀಮ್ ಆರಿಸುವಾಗ, ಅಥವಾ ಒಂದೇ ಕೋಡ್‌ನಿಂದ ಹಲವು ಆ್ಯಪ್‌ಗಳು ಹೊರಡುವಾಗ ಆ ದಾರಿ ನಡೆಯದು. ಒಂದು ಬಟನ್‌ಗೆ ಸಾಮಾನ್ಯ, ಒತ್ತಿದ, ನಿಷ್ಕ್ರಿಯ ಎಂದು ಮೂರು ಆಕಾರದ ಫೈಲು, ಅವನ್ನು ಜೋಡಿಸಲು ಒಂದು ಸೆಲೆಕ್ಟರ್ ಎಂದು ಹಿಡಿದರೆ ಐದು ಬಣ್ಣಕ್ಕೆ ಇಪ್ಪತ್ತು ಫೈಲು. ಮೂಲೆಯ ದುಂಡಗನ್ನು ಬದಲಿಸಬೇಕೆಂದರೆ ಹೆಚ್ಚುಕಡಿಮೆ ಎಲ್ಲವನ್ನೂ ತೆರೆಯಬೇಕು. ಅದರ ಬದಲು ಒಂದು ಫಂಕ್ಷನ್ ಬರೆಯಬಹುದು. ಇಲ್ಲಿನ ವಿವರ ಮುಖ್ಯವಾಗಿ ಆಂಡ್ರಾಯ್ಡ್‌ಗೆ. ಐಒಎಸ್ ಬಗ್ಗೆ, ಮತ್ತು ಸ್ಕ್ರೀನನ್ನು ಕೋಡ್‌ನಲ್ಲೇ ಕಟ್ಟುವ ಸಾಧನಗಳಾದ ಕಂಪೋಸ್ ಮತ್ತು ಫ್ಲಟರ್ ಬಗ್ಗೆ ಕೊನೆಗೆ.

ಬೆರಳನ್ನು ಹಿಂಬಾಲಿಸಬೇಡಿ, ಸ್ಥಿತಿಯನ್ನು ಹಿಂಬಾಲಿಸಿ

ಟಚ್ ಎಫೆಕ್ಟ್ ಎಂದ ಕೂಡಲೇ ಹೆಚ್ಚಿನವರ ಕೈ ಬೆರಳಿನ ಪ್ರತಿ ಚಲನೆಯನ್ನೂ ತಿಳಿಸುವ ಆನ್‌ಟಚ್‌ಲಿಸನರ್ ಕಡೆಗೆ ಹೋಗುತ್ತದೆ: ಬೆರಳು ಇಳಿದಾಗ ಬಣ್ಣ ಗಾಢ ಮಾಡು, ಎತ್ತಿದಾಗ ಮೊದಲಿನಂತೆ ಮಾಡು. ನೋಡಲು ಸರಳ. ಆದರೆ ಈ ವಿಷಯದಲ್ಲಿ ಎದುರಾಗುವ ದೋಷಗಳ ದೊಡ್ಡ ಪಾಲು ಹುಟ್ಟುವುದು ಇಲ್ಲಿಂದಲೇ.

ಬಟನ್ ಒಂದು ಪಟ್ಟಿಯೊಳಗಿದ್ದು, ಬಳಕೆದಾರರು ಅದರ ಮೇಲೆ ಬೆರಳಿಟ್ಟು ಸ್ಕ್ರಾಲ್ ಮಾಡಿದರು ಎಂದುಕೊಳ್ಳಿ. ಆಗ ಪಟ್ಟಿಯು ಸ್ಪರ್ಶವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಬಟನ್‌ಗೆ ಬೆರಳೆತ್ತಿದ ಸುದ್ದಿ (ಆ್ಯಕ್ಷನ್ ಅಪ್) ಬರುವುದೇ ಇಲ್ಲ, ಸ್ಪರ್ಶ ರದ್ದಾದ ಸುದ್ದಿ (ಆ್ಯಕ್ಷನ್ ಕ್ಯಾನ್ಸಲ್) ಬರುತ್ತದೆ. ಅದನ್ನು ಗಮನಿಸದ ಕೋಡ್‌ನಲ್ಲಿ ಬಟನ್ ಗಾಢ ಬಣ್ಣದಲ್ಲೇ ಉಳಿದುಬಿಡುತ್ತದೆ. ಇನ್ನು ಬೆರಳು ಜಾರಿ ಬಟನ್‌ನಿಂದ ಹೊರಗೆ ಹೋದರೆ ಕ್ಲಿಕ್ ಆಗುವುದಿಲ್ಲ, ಆದರೆ ನಿಮ್ಮ ಎಫೆಕ್ಟ್ ಮಾತ್ರ ಕ್ಲಿಕ್ ಆಗುತ್ತದೆಂದು ಹೇಳುತ್ತಲೇ ಇರುತ್ತದೆ. ಲಿಸನರ್ ಟ್ರೂ ಹಿಂದಿರುಗಿಸಿದರಂತೂ ವ್ಯೂನ (ಬಟನ್‌ನಂಥ, ಸ್ಕ್ರೀನಿನ ಮೇಲಿನ ಪ್ರತಿ ಘಟಕದ) ಸ್ವಂತ ಆನ್‌ಟಚ್‌ಇವೆಂಟ್ ಓಡುವುದೇ ಇಲ್ಲ, ಕ್ಲಿಕ್ ಸತ್ತಂತೆ. ಕೀಬೋರ್ಡ್ ಜೋಡಿಸಿ ಎಂಟರ್ ಒತ್ತುವವರಿಗೆ ಸ್ಪರ್ಶದ ಇವೆಂಟೇ ಇಲ್ಲ, ಹಾಗಾಗಿ ಎಫೆಕ್ಟೂ ಇಲ್ಲ.

ಈ ಲೆಕ್ಕವನ್ನೆಲ್ಲ ಆಂಡ್ರಾಯ್ಡ್‌ನ ವ್ಯೂ ಆಗಲೇ ಇಟ್ಟಿದೆ. ಬೆರಳಿಳಿದರೂ ಎಂಟರ್ ಒತ್ತಿದರೂ ಅದು ತನ್ನನ್ನು ಪ್ರೆಸ್ಡ್ ಸ್ಥಿತಿಗೆ ಒಯ್ಯುತ್ತದೆ. ಬೆರಳು ಹೊರಗೆ ಜಾರಿದರೆ, ಸ್ಕ್ರಾಲ್ ಕಸಿದುಕೊಂಡರೆ ತಾನೇ ಹಿಂದೆ ಬರುತ್ತದೆ. ಯಾವ ಸ್ಥಿತಿಯಲ್ಲಿ ಹೇಗೆ ಕಾಣಬೇಕು ಎಂದು ಹೇಳಿಕೊಡುವುದಷ್ಟೇ ನಮ್ಮ ಕೆಲಸ. ಮುಂದಿನ ಎಲ್ಲವೂ ಇದೇ ತಳಹದಿಯ ಮೇಲೆ ನಿಂತಿದೆ.

ಮೊದಲು ವಿವರದ ಕ್ಲಾಸ್, ಆಮೇಲೆ ಆಕಾರ

ಕೋಟ್ಲಿನ್‌ನಲ್ಲಿ ಒಂದು ಡೇಟಾ ಕ್ಲಾಸ್ ಮಾಡಿ. ಒಳಗೆ ಇರಬೇಕಾದವು: ಹಿನ್ನೆಲೆಯ ಬಣ್ಣ, ಅಕ್ಷರದ ಬಣ್ಣ, ಮೂಲೆಯ ದುಂಡಗು ಡಿಪಿಯಲ್ಲಿ (ಎಲ್ಲ ಸ್ಕ್ರೀನಿನಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವ ಅಳತೆ), ಅಂಚಿನ ಗೆರೆಯ ದಪ್ಪ ಮತ್ತು ಬಣ್ಣ, ಎಫೆಕ್ಟ್‌ನ ಬಗೆ (ಬಣ್ಣ ಬದಲಾವಣೆ, ಅಲೆ, ಕುಗ್ಗುವಿಕೆ), ಮತ್ತು ಎಫೆಕ್ಟ್ ಎಷ್ಟು ತೀವ್ರವಾಗಿರಬೇಕು ಎನ್ನುವ ಸಂಖ್ಯೆ. ತೀವ್ರತೆಗೆ 0.12 ಒಳ್ಳೆಯ ಆರಂಭ.

ಸ್ಕ್ರೀನಿನ ಮೇಲೆ ಚಿತ್ರಿಸಬಲ್ಲ ವಸ್ತುವಿಗೆ ಆಂಡ್ರಾಯ್ಡ್‌ನಲ್ಲಿ ಡ್ರಾಯಬಲ್ ಎನ್ನುತ್ತಾರೆ. ಗ್ರೇಡಿಯಂಟ್‌ಡ್ರಾಯಬಲ್ ಹೆಸರು ಕೇಳಿ ಬಣ್ಣದಿಂದ ಬಣ್ಣಕ್ಕೆ ಜಾರುವುದಕ್ಕೆ ಮಾತ್ರ ಎಂದು ಹಿಂಜರಿಯಬೇಡಿ. ಒಂದೇ ಬಣ್ಣದ ದುಂಡುಮೂಲೆಯ ಚೌಕಕ್ಕೂ ಅದೇ ಸರಿಯಾದ ಕ್ಲಾಸ್. ಸೆಟ್‌ಕಲರ್, ಸೆಟ್‌ಕಾರ್ನರ್‌ರೇಡಿಯಸ್, ಸೆಟ್‌ಸ್ಟ್ರೋಕ್ ಮೂರನ್ನೂ ಕರೆದು ಡ್ರಾಯಬಲ್ ಹಿಂದಿರುಗಿಸುವ ಪುಟ್ಟ ಫಂಕ್ಷನ್ ಬರೆಯಿರಿ. ಬಣ್ಣ ಅದರ ಪ್ಯಾರಾಮೀಟರ್ ಆಗಿರಲಿ. ಪ್ರತಿ ಸ್ಥಿತಿಗೂ ಇದೇ ಫಂಕ್ಷನ್ ಕರೆಯುತ್ತೇವೆ.

ಇಲ್ಲಿ ಎರಡು ಎಡವುಗಲ್ಲುಗಳಿವೆ. ಒಂದು, ಈ ಮೆಥಡ್‌ಗಳು ಕೇಳುವುದು ಪಿಕ್ಸೆಲ್, ಡಿಪಿ ಅಲ್ಲ. 480 ಡಿಪಿಐ ಸ್ಕ್ರೀನಿನಲ್ಲಿ ಡೆನ್ಸಿಟಿ 3 ಇರುವುದರಿಂದ 12 ಡಿಪಿ ಎಂದರೆ 36 ಪಿಕ್ಸೆಲ್. ನೇರವಾಗಿ 12 ಕೊಟ್ಟರೆ ಮೂಲೆ ಉಜ್ಜಿದಂತೆ ಕಾಣುತ್ತದೆಯೇ ಹೊರತು ದುಂಡಗಾಗುವುದಿಲ್ಲ. ಡಿಸ್‌ಪ್ಲೇಮೆಟ್ರಿಕ್ಸ್‌ನ ಡೆನ್ಸಿಟಿಯಿಂದ ಗುಣಿಸಿಯೇ ಕೊಡಿ. ಎರಡು, ಬಣ್ಣದ ಸಂಖ್ಯೆಯಲ್ಲಿ ಆಲ್ಫಾ, ಅಂದರೆ ಪಾರದರ್ಶಕತೆ ಹೇಳುವ ಭಾಗ ಮರೆಯುವುದು. ಆರೇ ಅಂಕೆಗಳ ಹೆಕ್ಸ್ ಸಂಖ್ಯೆಯನ್ನು ಪೂರ್ಣಾಂಕವಾಗಿ ಬರೆದರೆ ಆಲ್ಫಾ ಸೊನ್ನೆಯಾಗಿ ಬಟನ್ ಪೂರ್ತಿ ಪಾರದರ್ಶಕವಾಗುತ್ತದೆ. ಸ್ಟ್ರಿಂಗ್ ಆಗಿ ಪಾರ್ಸ್‌ಕಲರ್‌ಗೆ ಕೊಟ್ಟರೆ ಅದೇ ಆಲ್ಫಾ ತುಂಬಿಕೊಡುತ್ತದೆ. ಸರ್ವರ್‌ನಿಂದ ಬರುವ ಬಣ್ಣಕ್ಕೆ ಈ ಎರಡನೆಯ ದಾರಿಯೇ ವಾಸಿ.

ಒತ್ತಿದಾಗಿನ ಬಣ್ಣವನ್ನು ಲೆಕ್ಕ ಹಾಕುವುದು

ಒತ್ತಿದಾಗಿನ ಬಣ್ಣವನ್ನು ಬೇರೆಯಾಗಿ ಕೇಳಬೇಡಿ, ಹಿನ್ನೆಲೆಯ ಬಣ್ಣದಿಂದಲೇ ಪಡೆಯಿರಿ. ಕಲರ್‌ಯುಟಿಲ್ಸ್‌ನ ಬ್ಲೆಂಡ್‌ಎಆರ್‌ಜಿಬಿ ಮೆಥಡ್‌ಗೆ ಹಿನ್ನೆಲೆಯ ಬಣ್ಣ, ಅಕ್ಷರದ ಬಣ್ಣ, 0.12 ಕೊಟ್ಟರೆ ಸಾಕು. ಅಕ್ಷರದ ಬಣ್ಣವನ್ನು ಬೆರೆಸುವುದಕ್ಕೆ ಕಾರಣವಿದೆ: ಬಿಳಿ ಅಕ್ಷರದ ಗಾಢ ಬಟನ್ ಒತ್ತಿದಾಗ ತಿಳಿಯಾಗುತ್ತದೆ, ಕಪ್ಪು ಅಕ್ಷರದ ತಿಳಿ ಬಟನ್ ಒತ್ತಿದಾಗ ಗಾಢವಾಗುತ್ತದೆ. ಯಾವಾಗಲೂ ಕಪ್ಪನ್ನೇ ಬೆರೆಸುವ ಕೋಡ್ ಡಾರ್ಕ್ ಥೀಮ್‌ನಲ್ಲಿ ಸೋಲುತ್ತದೆ. ಕಪ್ಪು ಬಟನ್‌ಗೆ ಕಪ್ಪು ಸೇರಿಸಿದರೆ ಏನೂ ಬದಲಾಗುವುದಿಲ್ಲವಲ್ಲ!

ಆದರೆ ಈ ವಿಧಾನದಲ್ಲಿ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು. ಕೆಂಪು 21, ಹಸಿರು 101, ನೀಲಿ 192 ಇರುವ ನೀಲಿಯ ಮೇಲೆ ಬಿಳಿ ಅಕ್ಷರವಿದೆ ಎನ್ನಿ. ಕಾಂಟ್ರಾಸ್ಟ್ ಅನುಪಾತ ಸುಮಾರು 5.7. ಅದಕ್ಕೆ ಶೇಕಡಾ 12 ಬಿಳಿ ಬೆರೆತಾಗ ಬಣ್ಣ 49, 119, 199 ಆಗಿ ಅನುಪಾತ 4.6ಕ್ಕೆ ಇಳಿಯುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ವೆಬ್ ಪ್ರವೇಶಸಾಧ್ಯತೆಯ ಮಾರ್ಗಸೂಚಿ ಕೇಳುವ ಕನಿಷ್ಠ 4.5, ಅಂದರೆ ಕೂದಲೆಳೆಯಲ್ಲಿ ಪಾರು. ಶೇಕಡಾ 20 ಬೆರೆಸಿದರೆ 3.9ಕ್ಕೆ ಕುಸಿಯುತ್ತದೆ. ಬಣ್ಣಗಳು ಹೊರಗಿನಿಂದ ಬರುವ ಆ್ಯಪ್‌ನಲ್ಲಿ ಇದನ್ನು ಕಣ್ಣಳತೆಗೆ ಬಿಡಬಾರದು. ಕಲರ್‌ಯುಟಿಲ್ಸ್‌ನಲ್ಲೇ ಕ್ಯಾಲ್ಕುಲೇಟ್‌ಕಾಂಟ್ರಾಸ್ಟ್ ಇದೆ. ಬೆರೆಸಿದ ಬಣ್ಣವನ್ನು ಅದಕ್ಕೆ ಕೊಟ್ಟು, 4.5ಕ್ಕಿಂತ ಕೆಳಗೆ ಬಂದರೆ ಅಕ್ಷರದ ಬಣ್ಣದ ಬದಲು ಅದರ ವಿರುದ್ಧ ದಿಕ್ಕಿನ ಬಣ್ಣವನ್ನು ಬೆರೆಸಿ.

ನಿಷ್ಕ್ರಿಯ ಬಟನ್‌ಗೆ ಗೂಗಲ್‌ನ ಮಟೀರಿಯಲ್ ವಿನ್ಯಾಸದ ರೂಢಿಯೇ ಸಾಕು: ಹಿನ್ನೆಲೆಗೆ ಶೇಕಡಾ 12 ಆಲ್ಫಾ, ಅಕ್ಷರಕ್ಕೆ ಶೇಕಡಾ 38. ಸೆಟ್‌ಆಲ್ಫಾಕಾಂಪೊನೆಂಟ್ 0ಯಿಂದ 255ರ ಅಳತೆ ಕೇಳುವುದರಿಂದ ಕ್ರಮವಾಗಿ 31 ಮತ್ತು 97 ಕೊಡಿ.

ಸ್ಥಿತಿಗಳ ಜೋಡಣೆ

ಸ್ಟೇಟ್‌ಲಿಸ್ಟ್‌ಡ್ರಾಯಬಲ್ ತೆಗೆದುಕೊಂಡು ಆ್ಯಡ್‌ಸ್ಟೇಟ್ ಮೂಲಕ ಒಂದೊಂದೇ ಸ್ಥಿತಿ ಸೇರಿಸಿ. ಇದು ಮೇಲಿನಿಂದ ಕೆಳಗೆ ಹುಡುಕಿ, ಮೊದಲು ಹೊಂದಿದ್ದನ್ನು ಹಿಡಿದು ನಿಲ್ಲುತ್ತದೆ. ಆದ್ದರಿಂದ ಕ್ರಮ ಹೀಗಿರಲಿ:

1. ನಿಷ್ಕ್ರಿಯ: ಸ್ಟೇಟ್ ಎನೇಬಲ್ಡ್‌ನ ಮೊದಲಿಗೆ ಮೈನಸ್ ಚಿಹ್ನೆ.
2. ಒತ್ತಿದ್ದು: ಸ್ಟೇಟ್ ಪ್ರೆಸ್ಡ್.
3. ಫೋಕಸ್ ಆದದ್ದು: ಸ್ಟೇಟ್ ಫೋಕಸ್ಡ್.
4. ಉಳಿದದ್ದು: ಖಾಲಿ ಅರೇ, ಅಥವಾ ಸ್ಟೇಟ್‌ಸೆಟ್‌ನ ವೈಲ್ಡ್‌ಕಾರ್ಡ್.

ಖಾಲಿ ಅರೇ ಎಲ್ಲಕ್ಕೂ ಹೊಂದುತ್ತದೆ. ಅದನ್ನು ಮೊದಲು ಸೇರಿಸಿದರೆ ಉಳಿದವು ಎಂದೂ ಕಾಣುವುದಿಲ್ಲ. “ಕೋಡ್ ಎಲ್ಲ ಸರಿಯಿದೆ, ಆದರೂ ಒತ್ತಿದಾಗ ಬಣ್ಣ ಬದಲಾಗುತ್ತಿಲ್ಲ” ಎಂದಾಗ ಮೊದಲು ನೋಡಬೇಕಾದ ಜಾಗ ಇದು. ಅಕ್ಷರದ ಬಣ್ಣಕ್ಕೆ ಕಲರ್‌ಸ್ಟೇಟ್‌ಲಿಸ್ಟ್ ಬೇಕು. ಅದಕ್ಕೂ ಇದೇ ನಿಯಮ, ಸ್ಥಿತಿಗಳ ಅರೇ ಮತ್ತು ಬಣ್ಣಗಳ ಅರೇ ಒಂದೇ ಕ್ರಮದಲ್ಲಿರಬೇಕು.

ಬಣ್ಣ ಥಟ್ಟನೆ ಬದಲಾಗುವುದು ಒರಟು ಎನಿಸಿದರೆ ಸೆಟ್‌ಎಕ್ಸಿಟ್‌ಫೇಡ್‌ಡ್ಯುರೇಷನ್‌ಗೆ 150 ಮಿಲಿಸೆಕೆಂಡ್ ಕೊಡಿ, ಎಂಟರ್‌ಫೇಡ್ ಸೊನ್ನೆಯಲ್ಲೇ ಇರಲಿ. ಚುರುಕಾಗಿ ತಟ್ಟಿ ತೆಗೆದಾಗ ಆಂಡ್ರಾಯ್ಡ್ ಪ್ರೆಸ್ಡ್ ಸ್ಥಿತಿಯನ್ನು 64 ಮಿಲಿಸೆಕೆಂಡ್‌ನಷ್ಟೇ ತೋರಿಸುವ ಸಂದರ್ಭವಿದೆ. ಬರುವಾಗಲೇ 150 ಮಿಲಿಸೆಕೆಂಡ್ ತೆಗೆದುಕೊಳ್ಳುವ ಎಫೆಕ್ಟ್ ಅರ್ಧಕ್ಕೂ ಮುಟ್ಟುವ ಮೊದಲೇ ಮುಗಿದಿರುತ್ತದೆ. ಬರುವುದು ತಕ್ಷಣ, ಹೋಗುವುದು ನಿಧಾನ.

ಅಲೆ ಬೇಕೆಂದರೆ

ಬೆರಳಿಟ್ಟಲ್ಲಿಂದ ಬಣ್ಣದ ಅಲೆ ಹರಡಿಸುವ ರಿಪಲ್‌ಡ್ರಾಯಬಲ್ ಬಂದದ್ದು 2014ರ ಆಂಡ್ರಾಯ್ಡ್ 5.0ರಲ್ಲಿ, ಆ್ಯಪ್ ಬರೆಯುವವರ ಆವೃತ್ತಿ ಲೆಕ್ಕದಲ್ಲಿ ಎಪಿಐ 21. ಅದರ ಕನ್‌ಸ್ಟ್ರಕ್ಟರ್ ಮೂರು ಸಂಗತಿ ಕೇಳುತ್ತದೆ: ಅಲೆಯ ಬಣ್ಣಕ್ಕೆ ಕಲರ್‌ಸ್ಟೇಟ್‌ಲಿಸ್ಟ್, ಒಳಗಿನ ಡ್ರಾಯಬಲ್, ಅಲೆಯ ಗಡಿ ಕತ್ತರಿಸುವ ಮಾಸ್ಕ್. ಮೊದಲನೆಯದು ಕಡ್ಡಾಯ, ಉಳಿದೆರಡು ನಲ್ (ಖಾಲಿ) ಆಗಬಹುದು. ಗೊಂದಲ ಹುಟ್ಟುವುದೂ ಆ ಎರಡರಲ್ಲೇ.

ಒಳಗಿನ ಡ್ರಾಯಬಲ್ ಗಟ್ಟಿ ಬಣ್ಣದ್ದಾಗಿದ್ದರೆ ಮಾಸ್ಕ್ ಬೇಡ. ಅಲೆ ಅದರ ಆಕಾರದೊಳಗೇ ಹರಡಿ ನಿಲ್ಲುತ್ತದೆ. ಒಳಗಿನದು ಪಾರದರ್ಶಕವಾಗಿದ್ದರೆ, ಬರೀ ಅಕ್ಷರದ ಬಟನ್‌ನಲ್ಲಿ ಆಗುವಂತೆ, ಮಾಸ್ಕ್ ಇಲ್ಲದೆ ಅಲೆ ಕಾಣುವುದೇ ಇಲ್ಲ. ಅಲೆಯನ್ನು ಕತ್ತರಿಸಲು ಒಳಗಿನದರ ಆಲ್ಫಾವನ್ನೇ ಬಳಸುತ್ತಾರೆ, ಅದು ಸೊನ್ನೆ. ಆಗ ಅದೇ ಮೂಲೆಯ ದುಂಡಗಿನ, ಗಟ್ಟಿ ಬಿಳಿಯ ಗ್ರೇಡಿಯಂಟ್‌ಡ್ರಾಯಬಲ್ ಒಂದನ್ನು ಮಾಸ್ಕ್ ಆಗಿ ಕೊಡಿ. ಮಾಸ್ಕ್‌ನ ಬಣ್ಣ ಸ್ಕ್ರೀನಿನ ಮೇಲೆ ಬರುವುದಿಲ್ಲ, ಆಕಾರವಷ್ಟೇ ಲೆಕ್ಕಕ್ಕೆ. ಎರಡೂ ನಲ್ ಆಗಿದ್ದರೆ ಅಲೆಗೆ ಅಂಕೆ ಇರುವುದಿಲ್ಲ, ಬಟನ್ ದಾಟಿ ಹಿಂದಿನ ವ್ಯೂನ ಹಿನ್ನೆಲೆಯ ಮೇಲೂ ಹರಡುತ್ತದೆ. ಐಕಾನ್ ಬಟನ್‌ಗೆ ಬೇಕಾದದ್ದು ಅದೇ. ಎಪಿಐ 23ರಿಂದ ಸೆಟ್‌ರೇಡಿಯಸ್ ಬಳಸಿ ಅದಕ್ಕೆ ಮಿತಿ ಹಾಕಬಹುದು.

ಅಲೆಯೊಳಗೆ ಇಡುವ ಸ್ಟೇಟ್‌ಲಿಸ್ಟ್‌ನಿಂದ ಪ್ರೆಸ್ಡ್ ಸ್ಥಿತಿಯನ್ನು ತೆಗೆದುಬಿಡಿ. ಇಲ್ಲವಾದರೆ ಹಿನ್ನೆಲೆಯೂ ಬದಲಾಗಿ, ಮೇಲೆ ಅಲೆಯೂ ಬಂದು ಎರಡೂ ಕಲಸಿಹೋಗುತ್ತವೆ. ಅಲೆಯ ಬಣ್ಣ ಅರೆಪಾರದರ್ಶಕವಾಗಿರಲಿ. ಆಂಡ್ರಾಯ್ಡ್ 12ರಲ್ಲಿ ಅಲೆ ಮೂಡುವ ರೀತಿಯೇ ಬದಲಾಗಿರುವುದರಿಂದ ಹಳೆಯದೊಂದು, ಹೊಸದೊಂದು ಡಿವೈಸ್‌ನಲ್ಲಿ ನೋಡದೆ ಬಣ್ಣವನ್ನು ಅಂತಿಮ ಮಾಡಬೇಡಿ.

ಹಿನ್ನೆಲೆ ಹಚ್ಚುವಾಗ ಕೆಡುವುದು ಎಲ್ಲಿ

ಸೆಟ್‌ಬ್ಯಾಕ್‌ಗ್ರೌಂಡ್ ಕರೆದದ್ದಾಯಿತು, ಆದರೂ ಎಲ್ಲ ಬಟನ್‌ಗಳೂ ಥೀಮ್‌ನ ಒಂದೇ ಬಣ್ಣದಲ್ಲಿವೆಯೇ? ಹಿಂದಿನ ಟಿಂಟ್, ಅಂದರೆ ಹಿನ್ನೆಲೆಯ ಮೇಲೆ ಬಳಿದ ಬಣ್ಣ, ಇನ್ನೂ ಅಂಟಿಕೊಂಡಿದೆ. ಸೆಟ್‌ಬ್ಯಾಕ್‌ಗ್ರೌಂಡ್‌ಟಿಂಟ್‌ಲಿಸ್ಟ್‌ಗೆ ನಲ್ ಕೊಡಿ. ಮಟೀರಿಯಲ್ ಥೀಮ್ ಬಳಸುವ ಆ್ಯಪ್‌ನಲ್ಲಿ ಎಕ್ಸ್‌ಎಂಎಲ್‌ನ ಸಾದಾ ಬಟನ್ ತಾನಾಗಿ ಮಟೀರಿಯಲ್‌ಬಟನ್ ಆಗುತ್ತದೆ. ಅದು ತನ್ನ ಹಿನ್ನೆಲೆಯನ್ನು ತಾನೇ ನೋಡಿಕೊಳ್ಳುತ್ತದೆ. ನೀವು ಬೇರೆ ಹಿನ್ನೆಲೆ ಹಾಕಿದರೆ ಆಕಾರ, ಅಲೆ, ಅಂಚಿನ ಮೇಲಿನ ಹಿಡಿತವನ್ನು ಕೈಬಿಟ್ಟು ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ. ಅದರ ಜೊತೆ ಗುದ್ದಾಡುವುದು ಬೇಡ. ಅಲ್ಲಿ ಸೆಟ್‌ಬ್ಯಾಕ್‌ಗ್ರೌಂಡ್‌ಟಿಂಟ್‌ಲಿಸ್ಟ್, ಸೆಟ್‌ರಿಪಲ್‌ಕಲರ್, ಸೆಟ್‌ಕಾರ್ನರ್‌ರೇಡಿಯಸ್, ಸೆಟ್‌ಸ್ಟ್ರೋಕ್‌ವಿಡ್ತ್ ಎಂಬ ಅದರದೇ ಮೆಥಡ್‌ಗಳಿಗೆ ನಿಮ್ಮ ಲೆಕ್ಕದ ಬಣ್ಣಗಳನ್ನು ಕೊಡಿ. ಪೂರ್ತಿ ಸ್ವಂತ ರೂಪವೇ ಬೇಕಿದ್ದರೆ ಆ್ಯಪ್‌ಕಂಪ್ಯಾಟ್‌ಬಟನ್ ಅನ್ನು ಹೆಸರಿಸಿ ಬಳಸಿ.

ಸಾದಾ ಬಟನ್‌ನ ಹಿನ್ನೆಲೆಯಲ್ಲಿ ಮೇಲೆ ಕೆಳಗೆ 6 ಡಿಪಿ ಖಾಲಿ ಬಿಟ್ಟಿರುತ್ತಾರೆ. ಮುಟ್ಟುವ ಜಾಗ 48 ಡಿಪಿ, ಕಾಣುವ ಎತ್ತರ 36. ನಿಮ್ಮ ಹೊಸ ಹಿನ್ನೆಲೆ 48ನ್ನೂ ತುಂಬಿಕೊಂಡು ಬಟನ್ ಊದಿದಂತೆ ಕಾಣುತ್ತದೆ. ಎತ್ತರ ಕಡಿಮೆ ಮಾಡಿ ಇದನ್ನು ಸರಿಪಡಿಸಬಾರದು. ಮುಟ್ಟುವ ಜಾಗ 48 ಡಿಪಿ ಇರಲೇಬೇಕು. ಡ್ರಾಯಬಲ್ ಅನ್ನು ಅಂಚಿನಲ್ಲಿ ಜಾಗ ಬಿಡುವ ಇನ್‌ಸೆಟ್‌ಡ್ರಾಯಬಲ್‌ನಲ್ಲಿ ಸುತ್ತಿ. ಅದು ತನ್ನದೇ ಪ್ಯಾಡಿಂಗ್ (ಅಕ್ಷರದ ಸುತ್ತಲಿನ ಖಾಲಿ ಜಾಗ) ಹೊತ್ತು ತಂದು ಬಟನ್‌ನ ಪ್ಯಾಡಿಂಗ್ ಅಳಿಸಿಹಾಕುತ್ತದೆ, ಹಾಗಾಗಿ ಹಿನ್ನೆಲೆ ಹಾಕಿದ ನಂತರ ಸೆಟ್‌ಪ್ಯಾಡಿಂಗ್ ಮತ್ತೊಮ್ಮೆ ಕರೆಯಿರಿ.

ಇನ್ನೊಂದು: ಒಂದೇ ಡ್ರಾಯಬಲ್ ಅನ್ನು ಎರಡು ಬಟನ್‌ಗೆ ಹಂಚಬೇಡಿ. ಡ್ರಾಯಬಲ್ ತನ್ನ ಅಳತೆ, ಸ್ಥಿತಿ, ಕಾಲ್‌ಬ್ಯಾಕ್ ಎಲ್ಲವನ್ನೂ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಹಂಚಿದರೆ ಒಂದನ್ನು ಒತ್ತಿದಾಗ ಇನ್ನೊಂದು ಬಣ್ಣ ಬದಲಿಸುತ್ತದೆ, ಅಥವಾ ಚಿಕ್ಕ ಬಟನ್‌ನ ಅಳತೆ ದೊಡ್ಡದಕ್ಕೆ ಬರುತ್ತದೆ. ಪ್ರತಿ ಬಟನ್‌ಗೂ ಫಂಕ್ಷನ್ ಹೊಸದಾಗಿ ಕರೆಯಿರಿ. ರಿಸೋರ್ಸ್‌ನಿಂದ ತಂದ ಡ್ರಾಯಬಲ್‌ನ ಬಣ್ಣ ಬದಲಿಸುವ ಮುನ್ನ ಮ್ಯೂಟೇಟ್ ಕರೆಯದಿದ್ದರೆ, ಅದೇ ರಿಸೋರ್ಸ್ ಬಳಸಿದ ಬೇರೆ ಸ್ಕ್ರೀನಿಗೂ ಬಣ್ಣ ಹರಿಯುತ್ತದೆ.

ಕುಗ್ಗುವ ಬಟನ್

ಒತ್ತಿದಾಗ ಬಟನ್ ತುಸು ಕುಗ್ಗುವ ಎಫೆಕ್ಟ್‌ಗೂ ಟಚ್ ಲಿಸನರ್ ಬೇಕಿಲ್ಲ. ಸ್ಟೇಟ್‌ಲಿಸ್ಟ್‌ಆ್ಯನಿಮೇಟರ್ ಇದಕ್ಕೆಂದೇ ಇದೆ. ಪ್ರೆಸ್ಡ್ ಸ್ಥಿತಿಗೆ ಸ್ಕೇಲ್‌ಎಕ್ಸ್, ಸ್ಕೇಲ್‌ವೈ ಎರಡನ್ನೂ 0.96ಕ್ಕೆ ಒಯ್ಯುವ ಆ್ಯನಿಮೇಟರ್‌ಸೆಟ್, 60 ಮಿಲಿಸೆಕೆಂಡ್. ಖಾಲಿ ಸ್ಥಿತಿಗೆ 1ಕ್ಕೆ ಮರಳಿಸುವ ಇನ್ನೊಂದು, 150 ಮಿಲಿಸೆಕೆಂಡ್. ಆರಂಭದ ಬೆಲೆ ಕೊಡದೆ ಗುರಿಯ ಬೆಲೆಯನ್ನಷ್ಟೇ ಕೊಡಿ, ಆಗ ಅರ್ಧದಲ್ಲಿ ಬೆರಳೆತ್ತಿದರೂ ಇದ್ದಲ್ಲಿಂದಲೇ ಮರಳುತ್ತದೆ. ಇದನ್ನು ಹಾಕಿದಾಗ ಬಟನ್‌ನ ಮೂಲ ನೆರಳಿನ ಆ್ಯನಿಮೇಷನ್ ಹೋಗುತ್ತದೆ; ಬೇಕಿದ್ದರೆ ಟ್ರಾನ್ಸ್‌ಲೇಷನ್‌ಝೆಡ್ ಅನ್ನೂ ಸೆಟ್‌ಗೆ ಸೇರಿಸಿ.

0.96 ಎಲ್ಲ ಬಟನ್‌ಗೂ ಒಗ್ಗುವ ಸಂಖ್ಯೆಯಲ್ಲ. 48 ಡಿಪಿಯ ಐಕಾನ್ ಅದರಲ್ಲಿ 2 ಡಿಪಿಯಷ್ಟೂ ಕುಗ್ಗುವುದಿಲ್ಲ, 320 ಡಿಪಿ ಅಗಲದ ಬಟನ್ 13 ಡಿಪಿ ಕುಗ್ಗುತ್ತದೆ. ಒಂದೇ ಆ್ಯಪ್‌ನಲ್ಲಿ ಇವೆರಡೂ ಬೇರೆ ಬೇರೆ ಎಫೆಕ್ಟ್‌ನಂತೆ ಕಾಣುತ್ತವೆ. ಅನುಪಾತದ ಬದಲು ಅಳತೆ ಹಿಡಿಯಿರಿ: ಒಟ್ಟು 4 ಡಿಪಿ ಕುಗ್ಗಬೇಕೆಂದರೆ ಸ್ಕೇಲ್ ಎಂದರೆ 1ರಿಂದ 4ನ್ನು ಅಗಲದಿಂದ ಭಾಗಿಸಿ ಕಳೆದದ್ದು. ಅಗಲ ಗೊತ್ತಾಗುವುದು ಲೇಔಟ್ ಆದ ಮೇಲೆ, ಆದ್ದರಿಂದ ಈ ಲೆಕ್ಕ ಡೂಆನ್‌ಲೇಔಟ್ ಒಳಗೆ ಇರಲಿ.

ಹೆಚ್ಚು ಕುಗ್ಗಿಸಿದರೆ ಅಂದ ಕೆಡುವುದಷ್ಟೇ ಅಲ್ಲ, ಕ್ಲಿಕ್ಕೇ ತಪ್ಪಿಹೋಗುತ್ತದೆ. 320 ಡಿಪಿ ಬಟನ್ ಅನ್ನು 0.9ಕ್ಕೆ ಇಳಿಸಿದರೆ ಎರಡೂ ಅಂಚು 16 ಡಿಪಿ ಒಳಗೆ ಸರಿಯುತ್ತವೆ. ಅಂಚಿನಲ್ಲಿ ಇಟ್ಟ ಬೆರಳು ಈಗ ಬಟನ್‌ನಿಂದ ಹೊರಗಿದೆ. ಬೆರಳು ಹೊರಗೆ ಹೋದರೂ ಸಹಿಸಿಕೊಳ್ಳುವ ಟಚ್ ಸ್ಲಾಪ್ ಸಾಮಾನ್ಯವಾಗಿ 8 ಡಿಪಿ ಮಾತ್ರ. ಬೆರಳು ಕೂದಲೆಳೆಯಷ್ಟು ಅಲುಗಿದರೂ ವ್ಯೂ ಪ್ರೆಸ್ಡ್ ಸ್ಥಿತಿ ಬಿಡುತ್ತದೆ, ಎತ್ತಿದಾಗ ಕ್ಲಿಕ್ ಬರುವುದಿಲ್ಲ. “ಕೆಲವೊಮ್ಮೆ ಮಾತ್ರ ಕೆಲಸ ಮಾಡುವುದಿಲ್ಲ” ಎಂಬ ದೂರಿನ ಬೆನ್ನು ಹತ್ತಿದಾಗ ಸಿಗುವ ಕಾರಣಗಳಲ್ಲಿ ಇದೂ ಒಂದು. 4 ಡಿಪಿಯ ಮಿತಿ ಇದಕ್ಕೂ ಪರಿಹಾರ.

ತಡವಾಗಿ ಬರುವ ಎಫೆಕ್ಟ್, ಮತ್ತು ಕಂಪನ

ಸ್ಕ್ರಾಲ್ ಆಗುವ ಜಾಗದೊಳಗಿನ ಬಟನ್ 100 ಮಿಲಿಸೆಕೆಂಡ್ ಕಾದು ಪ್ರೆಸ್ಡ್ ಆಗುತ್ತದೆ. ಇದು ದೋಷವಲ್ಲ, ಬೆರಳು ಸ್ಕ್ರಾಲ್‌ಗೆ ಹೊರಟಿದೆಯೋ ಒತ್ತಲು ಬಂದಿದೆಯೋ ಎಂದು ನೋಡುವ ಸಮಯ. ಆದರೆ ಸ್ಕ್ರಾಲ್ ಇಲ್ಲದ ನಿಮ್ಮ ಸ್ವಂತ ವ್ಯೂಗ್ರೂಪ್‌ನಲ್ಲೂ ಈ ತಡ ಕಾಣಿಸಿದರೆ, ಷುಡ್‌ಡಿಲೇಚೈಲ್ಡ್‌ಪ್ರೆಸ್ಡ್‌ಸ್ಟೇಟ್ ಅನ್ನು ಓವರ್‌ರೈಡ್ ಮಾಡಿ ಫಾಲ್ಸ್ ಕೊಡಿ. ಅದರ ಮೂಲ ಉತ್ತರ ಟ್ರೂ.

ಕಂಪನಕ್ಕೆ ಪರ್ಫಾರ್ಮ್‌ಹ್ಯಾಪ್ಟಿಕ್‌ಫೀಡ್‌ಬ್ಯಾಕ್ ಬಳಸಿ. ಇದಕ್ಕೆ ವೈಬ್ರೇಟ್ ಅನುಮತಿ ಬೇಕಿಲ್ಲ, ಬಳಕೆದಾರರು ಸ್ಪರ್ಶ ಕಂಪನ ಆಫ್ ಮಾಡಿದ್ದರೆ ಅದನ್ನೂ ಗೌರವಿಸುತ್ತದೆ. ಪ್ರತಿ ಬಟನ್‌ಗೂ ಹಾಕಬೇಡಿ. ಹಣ ಕಳಿಸುವ, ಅಳಿಸುವ ಬಟನ್‌ಗಷ್ಟೇ ಸಾಕು.

ಐಒಎಸ್, ಕಂಪೋಸ್, ಫ್ಲಟರ್

ಐಒಎಸ್‌ನಲ್ಲಿ ಪ್ರೆಸ್ಡ್‌ನ ಜಾಗದಲ್ಲಿ ಹೈಲೈಟೆಡ್ ಇದೆ. ಐಒಎಸ್ 15ರಿಂದ ಯುಐಬಟನ್‌ಗೆ ಕಾನ್ಫಿಗರೇಷನ್ ಬಂದಿದೆ. ಕಾನ್ಫಿಗರೇಷನ್‌ಅಪ್‌ಡೇಟ್‌ಹ್ಯಾಂಡ್ಲರ್ ಒಳಗೆ ಈಸ್‌ಹೈಲೈಟೆಡ್ ನೋಡಿ ಹಿನ್ನೆಲೆಯ ಬಣ್ಣ ಬದಲಿಸಿ. ಅದಕ್ಕಿಂತ ಹಳೆಯದಕ್ಕೂ ಬೇಕಿದ್ದರೆ ಸಬ್‌ಕ್ಲಾಸ್ ಮಾಡಿ ಈಸ್‌ಹೈಲೈಟೆಡ್‌ನ ಡಿಡ್‌ಸೆಟ್‌ನಲ್ಲಿ ಬರೆಯಿರಿ. ಟಚ್‌ಡೌನ್, ಟಚ್‌ಅಪ್‌ಇನ್‌ಸೈಡ್ ಇವೆರಡನ್ನೇ ಹಿಡಿದರೆ ಟಚ್‌ಕ್ಯಾನ್ಸಲ್ ಮತ್ತು ಟಚ್‌ಡ್ರ್ಯಾಗ್‌ಎಕ್ಸಿಟ್ ತಪ್ಪಿಹೋಗಿ ಆಂಡ್ರಾಯ್ಡ್‌ನ ಅದೇ ತೊಂದರೆ ಇಲ್ಲೂ ಬರುತ್ತದೆ. ಆ್ಯನಿಮೇಷನ್‌ಗೆ ಅಲೌಯೂಸರ್‌ಇಂಟರಾಕ್ಷನ್ ಮತ್ತು ಬಿಗಿನ್‌ಫ್ರಮ್‌ಕರೆಂಟ್‌ಸ್ಟೇಟ್ ಆಯ್ಕೆಗಳನ್ನು ಸೇರಿಸಲೇಬೇಕು. ಮೊದಲನೆಯದು ಇಲ್ಲದಿದ್ದರೆ ಆ್ಯನಿಮೇಷನ್ ನಡೆಯುವಷ್ಟು ಹೊತ್ತು ಬಟನ್ ಸ್ಪರ್ಶವನ್ನೇ ತೆಗೆದುಕೊಳ್ಳುವುದಿಲ್ಲ, ಬೇಗಬೇಗ ಒತ್ತಿದ್ದು ಕಳೆದುಹೋಗುತ್ತದೆ.

ಸ್ಕ್ರಾಲ್‌ವ್ಯೂನ ತಡ ತೆಗೆಯಲು ಡಿಲೇಸ್‌ಕಂಟೆಂಟ್‌ಟಚಸ್ ಅನ್ನು ಫಾಲ್ಸ್ ಮಾಡಿದಿರೋ, ಬಟನ್ ಮೇಲೆ ಬೆರಳಿಟ್ಟರೆ ಸ್ಕ್ರಾಲ್ ಆಗುವುದೇ ನಿಲ್ಲುತ್ತದೆ. ಟಚಸ್‌ಷುಡ್‌ಕ್ಯಾನ್ಸಲ್ ಮೆಥಡ್ ಕಂಟ್ರೋಲ್‌ಗಳಿಗೆ ಮೂಲದಲ್ಲಿ ಫಾಲ್ಸ್ ಹೇಳುತ್ತದೆ; ಬಟನ್‌ಗೆ ಟ್ರೂ ಬರುವಂತೆ ಓವರ್‌ರೈಡ್ ಮಾಡಿ. ಇವೆರಡು ಬದಲಾವಣೆ ಯಾವಾಗಲೂ ಜೋಡಿ.

ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಮ್ಯೂಟಬಲ್‌ಇಂಟರಾಕ್ಷನ್‌ಸೋರ್ಸ್ ಇಟ್ಟು ಕಲೆಕ್ಟ್‌ಈಸ್‌ಪ್ರೆಸ್ಡ್‌ಆ್ಯಸ್‌ಸ್ಟೇಟ್ ಮೂಲಕ ಸ್ಥಿತಿ ಪಡೆಯಬಹುದು. ಅಲೆ ದುಂಡುಮೂಲೆ ದಾಟಿ ಚೌಕವಾಗಿ ಕಂಡರೆ ಮಾಡಿಫೈಯರ್‌ಗಳ ಕ್ರಮ ನೋಡಿ: ಕ್ಲಿಪ್ ಮೊದಲು, ಕ್ಲಿಕಬಲ್ ಆಮೇಲೆ. ಫ್ಲಟರ್‌ನಲ್ಲಿ ಇಂಕ್‌ವೆಲ್‌ನ ಅಲೆ ಕಾಣದಿದ್ದರೆ, ಒಳಗೆ ಬಣ್ಣ ಹಚ್ಚಿದ ಕಂಟೇನರ್ ಅದನ್ನು ಮುಚ್ಚಿದೆ ಎಂದರ್ಥ. ಅಲೆ ಬರೆಯಲ್ಪಡುವುದು ಮೇಲಿನ ಮಟೀರಿಯಲ್ ವಿಜೆಟ್ ಮೇಲೆ; ಕಂಟೇನರ್ ಬದಲು ಇಂಕ್ ಬಳಸಿ, ಅಥವಾ ಬಣ್ಣವನ್ನು ಮಟೀರಿಯಲ್‌ಗೇ ಕೊಡಿ.

ಪರೀಕ್ಷೆಗೆ ಆರು ನಿಮಿಷ ಸಾಕು

ಬಟನ್ ಒತ್ತಿ ಹಿಡಿದು ಬೆರಳನ್ನು ಹೊರಗೆ ಎಳೆದು ಬಿಡಿ: ಬಣ್ಣ ಮರಳಬೇಕು, ಕ್ಲಿಕ್ ಆಗಬಾರದು. ಒತ್ತಿ ಹಿಡಿದೇ ಪಟ್ಟಿಯನ್ನು ಸ್ಕ್ರಾಲ್ ಮಾಡಿ. ಬಟನ್‌ನ ನಾಲ್ಕೂ ಮೂಲೆಗಳ ತುದಿಯಲ್ಲಿ ಹತ್ತತ್ತು ಸಲ ತಟ್ಟಿ ಕ್ಲಿಕ್ ಎಣಿಸಿ. ಕೀಬೋರ್ಡ್ ಜೋಡಿಸಿ ಟ್ಯಾಬ್ ಮತ್ತು ಎಂಟರ್ ಒತ್ತಿ, ಫೋಕಸ್ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆಯೇ ನೋಡಿ. ಡಾರ್ಕ್ ಥೀಮ್‌ಗೆ ಬದಲಿಸಿ ಮತ್ತೆ ಒತ್ತಿ. ಕೊನೆಗೆ ಡೆವಲಪರ್ ಆಯ್ಕೆಗಳಲ್ಲಿ ಆ್ಯನಿಮೇಟರ್ ಅವಧಿಯನ್ನು 10 ಪಟ್ಟು ಮಾಡಿ ಒಮ್ಮೆ, ಪೂರ್ತಿ ಆಫ್ ಮಾಡಿ ಒಮ್ಮೆ ನೋಡಿ. ನಿಧಾನ ಮಾಡಿದಾಗ ಎಫೆಕ್ಟ್‌ನ ಜಿಗಿತಗಳು ಬಯಲಾಗುತ್ತವೆ. ಆಫ್ ಮಾಡಿದಾಗಲೂ ಒತ್ತಿದ್ದು ಗೊತ್ತಾಗದಿದ್ದರೆ ಕುಗ್ಗುವಿಕೆಯ ಜೊತೆಗೆ ಬಣ್ಣದ ಬದಲಾವಣೆಯನ್ನೂ ಸೇರಿಸಿ.